9 ಮಿ.ಮೀ. ಟ್ಯಾಗ್ ಹಾಕಿದ ಸಾಲ್ಮನ್ ಮರಿಗಳು ಸತ್ತವೋ, ಆಂಟೆನಾಗೆ ಕಾಣಲಿಲ್ಲವೋ?

ತುಂಗೆದಂಡೆ:

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿಯವಳು. ಈಗ ಅಮೆರಿಕದ ಐಡಾಹೊದಲ್ಲಿ ಎಂ.ಎಸ್. ಮಾಡುತ್ತಿದ್ದೇನೆ. ಸಾಲ್ಮನ್ ನದಿಗೆ ಸೇರುವ ಒಂದು ಹಳ್ಳದಲ್ಲಿ ಚಿನೂಕ್ ಸಾಲ್ಮನ್ ಎಂಬ ಮೀನಿನ ಮರಿಗಳನ್ನು ಹಿಡಿದು, ಹೊಟ್ಟೆಯೊಳಗೆ ಪಿಟ್ ಟ್ಯಾಗ್ ಹಾಕಿ ಬಿಡುವುದು ನನ್ನ ಕೆಲಸ. ಅಕ್ಕಿಕಾಳಿಗಿಂತ ತುಸು ಉದ್ದದ ಗಾಜಿನ ಕೊಳವೆ ಅದು. ಬ್ಯಾಟರಿ ಇರುವುದಿಲ್ಲ. ಆಂಟೆನಾ ಹತ್ತಿರ ಬಂದಾಗ ಅದರಿಂದಲೇ ಶಕ್ತಿ ಪಡೆದು ತನ್ನ ನಂಬರ್ ಹೇಳುತ್ತದೆ.

ದೊಡ್ಡ ಮರಿಗಳಿಗೆ 12 ಮಿ.ಮೀ. ಟ್ಯಾಗ್ ಹಾಕಿದೆವು, ಚಿಕ್ಕವಕ್ಕೆ 9 ಮಿ.ಮೀ. ಹಳ್ಳದ ಬಾಯಲ್ಲಿ ತಳಕ್ಕೆ ಮಲಗಿಸಿದ ಆಂಟೆನಾ ಇದೆ. ವಸಂತದಲ್ಲಿ ಮರಿಗಳು ಸಮುದ್ರದ ಕಡೆಗೆ ಕೆಳಗಿಳಿದಾಗ 9 ಮಿ.ಮೀ.ನವು ಅಲ್ಲಿ ತೀರಾ ಕಡಿಮೆ ಸಿಕ್ಕವು. ಚಿಕ್ಕ ಮರಿಗಳು ಚಳಿಗಾಲ ದಾಟಲಿಲ್ಲ ಅಂತ ನಮ್ಮ ತಂಡದಲ್ಲಿ ಬರೆದೇಬಿಟ್ಟಿದ್ದಾರೆ. ನನಗೆ ಮನಸ್ಸು ಒಪ್ಪುತ್ತಿಲ್ಲ. ಒಂದೊಂದನ್ನೂ ಅಂಗೈಯಲ್ಲಿ ಹಿಡಿದು ಸೂಜಿ ಚುಚ್ಚಿದವಳು ನಾನು. ಸಾವು ಯಾವುದು, ಕಾಣದೆ ಹೋದದ್ದು ಯಾವುದು ಅಂತ ಬೇರೆ ಮಾಡುವುದು ಹೇಗೆ?

ಹೊಳೆಸಾಲು:

ಎಲ್ಲಕ್ಕೂ 12 ಮಿ.ಮೀ.ನದೇ ಹಾಕಿದ್ದರೆ ಈ ತಲೆನೋವೇ ಇರುತ್ತಿರಲಿಲ್ಲ ಅಲ್ವಾ?

ತುಂಗೆದಂಡೆ:

ಆಗುವುದಿಲ್ಲ ಸರ್. 55 ಮಿ.ಮೀ. ಉದ್ದದ ಮರಿ ತೂಗುವುದೇ ಸುಮಾರು 1.7 ಗ್ರಾಂ. 12 ಮಿ.ಮೀ. ಟ್ಯಾಗ್ ಸುಮಾರು 0.1 ಗ್ರಾಂ. ಮರಿಯ ತೂಕದ ಹತ್ತಿರಹತ್ತಿರ ಶೇ. 6 ಆಯಿತು. ಶೇ. 2 ದಾಟಬಾರದು ಅನ್ನುವುದು ಹಳೆಯ ಲೆಕ್ಕ. ಅದಕ್ಕಿಂತ ಜಾಸ್ತಿ ಭಾರ ಹೊತ್ತುಕೊಂಡು ಚೆನ್ನಾಗಿ ಈಜಿದ ಮರಿಗಳನ್ನೂ ಆಮೇಲಿನ ಪ್ರಯೋಗಗಳಲ್ಲಿ ಕಂಡಿದ್ದಾರೆ, ನಿಜ. ಆದರೂ ಅಷ್ಟು ಚಿಕ್ಕ ಹೊಟ್ಟೆಗೆ ಅಷ್ಟು ಉದ್ದದ ಗಾಜು ತುರುಕಲು ನನಗೆ ಕೈ ಬರುವುದಿಲ್ಲ.

ಕೊಲಂಬಿಯಾ_ಕನ್ನಡಿಗ:

ನಾನು ಹನ್ನೆರಡು ವರ್ಷ ಈ ಆಂಟೆನಾಗಳನ್ನು ಕೂರಿಸುವ, ರಿಪೇರಿ ಮಾಡುವ ಕೆಲಸದಲ್ಲಿದ್ದೆ. ನಿಮ್ಮ ಅನುಮಾನ ಸರಿಯಾದದ್ದು, ಬಿಡಬೇಡಿ.

ಟ್ಯಾಗ್ ಒಳಗೆ ಒಂದು ಚಿಪ್, ಕಬ್ಬಿಣದ ಅಂಶವಿರುವ ಒಂದು ಚಿಕ್ಕ ಕಡ್ಡಿ, ಅದರ ಸುತ್ತ ತಾಮ್ರದ ತಂತಿ ಇರುತ್ತದೆ. ಕಡ್ಡಿ, ಸುರುಳಿ ಚಿಕ್ಕದಾದಷ್ಟೂ ಹಿಡಿಯುವ ಶಕ್ತಿ ಕಡಿಮೆ, ಉತ್ತರ ಹೇಳುವ ದನಿಯೂ ಕಡಿಮೆ. ಆಂಟೆನಾದಿಂದ ತುಸು ದೂರ ಹೋದ ಮೇಲೆ, ದೂರ ಎರಡು ಪಟ್ಟಾದರೆ ಅದರ ಬಲ ಸುಮಾರು ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಹಾಗಾಗಿ 9 ಮಿ.ಮೀ. ಟ್ಯಾಗ್ ಆಂಟೆನಾಗೆ ಇನ್ನೂ ಹತ್ತಿರ ಬಂದರೇನೇ ಸಿಗುತ್ತದೆ.

ನಿಮ್ಮದು ತಳಕ್ಕೆ ಮಲಗಿಸಿದ ಆಂಟೆನಾ. ಬೇಸಿಗೆಯ ಮೊಣಕಾಲುದ್ದ ನೀರಿನಲ್ಲಿ ಎರಡೂ ಟ್ಯಾಗ್ ಸಿಗಬಹುದು. ಹಿಮ ಕರಗಿ ಹಳ್ಳ ಏರಿದಾಗ ಮರಿ ಮೇಲ್ನೀರಿನಲ್ಲಿ ದಾಟಿಬಿಡುತ್ತದೆ. 12 ಮಿ.ಮೀ.ನದು ಆಗಲೂ ಅಷ್ಟಿಷ್ಟು ಸಿಕ್ಕೀತು, 9ರದು ತಪ್ಪುತ್ತದೆ. ಮರಿಗಳು ಹೊರಡುವುದೂ ಆ ಏರುನೀರಿನಲ್ಲೇ!

ಈಗ ಲೆಕ್ಕಕ್ಕೆ ಬನ್ನಿ. ನಿಮ್ಮ ಮರಿಗಳು ಸಮುದ್ರ ಸೇರುವ ಮೊದಲು ಎಂಟು ಅಣೆಕಟ್ಟು ದಾಟಬೇಕು. ಮೊದಲನೆಯದು ಸ್ನೇಕ್ ನದಿಯ ಲೋವರ್ ಗ್ರಾನೈಟ್. ಅಲ್ಲಿ ಟರ್ಬೈನ್ ತಪ್ಪಿಸಿ ಬರುವ ಮರಿಗಳು ಕೊಳವೆಯಲ್ಲಿ ಸಾಗುತ್ತವೆ. ಕೊಳವೆ ಇಕ್ಕಟ್ಟು. ಟ್ಯಾಗ್ ಅದನ್ನು ಸುತ್ತಿದ ಆಂಟೆನಾ ಸುರುಳಿಯ ಮಧ್ಯದಲ್ಲೇ, ನೇರವಾಗಿ ಹಾದುಹೋಗುತ್ತದೆ. ಅಲ್ಲಿ ಗಾತ್ರದ ವ್ಯತ್ಯಾಸ ಅಷ್ಟಾಗಿ ಕಾಡುವುದಿಲ್ಲ. ಈ ನದಿಗಳ ಟ್ಯಾಗ್ ದಾಖಲೆ ಇಡುವ ಜಾಲತಾಣ ಪಿಟ್ಯಾಗಿಸ್‌ನಿಂದ ಡೇಟಾ ಇಳಿಸಿಕೊಳ್ಳಿ. ಅಣೆಕಟ್ಟಿನಲ್ಲಿ ಸಿಕ್ಕ ಮರಿಗಳನ್ನಷ್ಟೇ ತೆಗೆದುಕೊಂಡು, ಅವುಗಳಲ್ಲಿ ನಿಮ್ಮ ಹಳ್ಳದ ಆಂಟೆನಾಗೆ ಎಷ್ಟು ತಪ್ಪಿದ್ದವು ಅಂತ ಎರಡು ಗಾತ್ರಕ್ಕೂ ಬೇರೆಬೇರೆ ಎಣಿಸಿ. ಅಣೆಕಟ್ಟಿಗೆ ಬಂದಿದೆ ಅಂದಮೇಲೆ ಹಳ್ಳ ದಾಟಿದಾಗ ಅದು ಜೀವಂತವಾಗಿತ್ತು ತಾನೆ? ಟ್ಯಾಗ್ ಸಿಕ್ಕ ಲೆಕ್ಕದಿಂದ ಎಷ್ಟು ಬದುಕಿದವು ಅಂತ ಅಂದಾಜು ಮಾಡುವ ಕಾರ್ಮಾಕ್-ಜಾಲಿ-ಸೀಬರ್ ಗಣಿತ ಮಾದರಿಯ ಜೀವಾಳವೂ ಇದೇ. ಎರಡು ಗಾತ್ರಕ್ಕೂ ಒಂದೇ ಪತ್ತೆ ಪ್ರಮಾಣ ಕೊಟ್ಟರೆ ಆ ಮಾದರಿಯೂ ದಾರಿ ತಪ್ಪುತ್ತದೆ.

ಒಂದು ಎಚ್ಚರಿಕೆ. 2020ರಲ್ಲಿ ಲೋವರ್ ಗ್ರಾನೈಟ್‌ನ ಒಂದು ಕೋಡಿಗೂ ಆಂಟೆನಾ ಹಾಕಿದ್ದಾರೆ. ಅಲ್ಲಿ ನೀರಿನ ವೇಗವೇ ಬೇರೆ. ಎಷ್ಟು ಮರಿ ಬದುಕಿ ಬಂದವು ಅಂತ ಹೋಲಿಸುವಾಗ ಕೊಳವೆಯ ಲೆಕ್ಕ ಬೇರೆ ಇಡಿ. ಕೊನೆಯ ಅಣೆಕಟ್ಟು ಬಾನ್‌ವಿಲ್‌ನಲ್ಲೂ 2006ರಿಂದ ಸುಮಾರು 5 ಮೀಟರ್ ಚೌಕದ ದೊಡ್ಡ ಆಂಟೆನಾ ಇದೆ. ಅಷ್ಟು ದೊಡ್ಡ ಬಾಯಿಯ ಮಧ್ಯದಲ್ಲಿ ಚಿಕ್ಕ ಟ್ಯಾಗ್‌ಗೆ ಕಷ್ಟ.

ಹೊಳೆಸಾಲು:

ನನಗೆ ಇನ್ನೊಂದು ಅನುಮಾನ. 9ರದು ಚಿಕ್ಕ ಮರಿಗೆ, 12ರದು ದೊಡ್ಡದಕ್ಕೆ ಅಂದಿರಿ. ಚಿಕ್ಕ ಮರಿ ಈಜುವ ರೀತಿ, ಹೊರಡುವ ದಿನ ಎಲ್ಲ ಬೇರೆ ಇರಬಹುದು. ಆಗ ವ್ಯತ್ಯಾಸ ಟ್ಯಾಗಿನದೋ ಮರಿಯದೋ ಅಂತ ಹೇಳುವುದು ಹೇಗೆ?

ಕೊಲಂಬಿಯಾ_ಕನ್ನಡಿಗ:

ಒಳ್ಳೆಯ ಪ್ರಶ್ನೆ. ಅದಕ್ಕೇ ಮರಿ ಇಲ್ಲದೆಯೂ ಪರೀಕ್ಷೆ ಮಾಡಬೇಕು. ಒಂದು ಮರದ ಕೋಲಿನ ತುದಿಗೆ ಟ್ಯಾಗ್ ಅಂಟಿಸಿ. ಲೋಹದ ಕೋಲು ಬೇಡ. ತಳದಿಂದ ಮೇಲಕ್ಕೆ ಎತ್ತುತ್ತಾ ಆಂಟೆನಾಗೆ ಸಿಗುವುದು ಎಲ್ಲಿ ನಿಲ್ಲುತ್ತದೆ ನೋಡಿ. ಟ್ಯಾಗ್ ನೀರಿನ ಹರಿವಿನ ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ. ಆಂಟೆನಾದ ಅಂಚಿನ ಮೇಲೆ, ನಡುವಿನ ಮೇಲೆ. ದಿಕ್ಕು ಬದಲಾದರೆ ಒಂದೇ ಟ್ಯಾಗ್ ಒಂದು ಕಡೆ ಸಿಗುತ್ತದೆ, ಇನ್ನೊಂದು ಕಡೆ ಇಲ್ಲ.

ತುಂಗೆದಂಡೆ (ಹತ್ತು ದಿನದ ನಂತರ):

ಮಾಡಿದೆ ಸರ್. ನೀರು ತಾಗದ ವೇಡರ್ ಉಡುಪು ಹಾಕಿಕೊಂಡು, ಸೊಂಟದವರೆಗೆ ತಣ್ಣೀರಿನಲ್ಲಿ ನಿಂತು, ಗೆಳತಿ ದಡದಲ್ಲಿ ಬರೆದುಕೊಂಡಳು. ನಡುವಿನಲ್ಲಿ ಟ್ಯಾಗ್ ಮಲಗಿಸಿ ಹಿಡಿದರೆ 9ರದು ತಳ ಬಿಟ್ಟು ಸ್ವಲ್ಪ ಮೇಲೆ ಬರುತ್ತಿದ್ದಂತೆ ಮೌನ. 12ರದು ಅದೇ ಎತ್ತರದಲ್ಲಿ ಬೀಪ್ ಅನ್ನುತ್ತಲೇ ಇತ್ತು.

ಅಣೆಕಟ್ಟಿನ ಲೆಕ್ಕವೂ ಆಯಿತು. ಅಲ್ಲಿ ಸಿಕ್ಕ 9 ಮಿ.ಮೀ. ಮರಿಗಳಲ್ಲಿ ಹಳ್ಳದ ಆಂಟೆನಾಗೆ ತಪ್ಪಿಸಿಕೊಂಡವೇ ಜಾಸ್ತಿ. ನಮ್ಮ ಪಟ್ಟಿಯಲ್ಲಿ ಸತ್ತವು ಅಂತ ಬರೆದಿದ್ದ ನಂಬರ್‌ಗಳು ಒಂದೊಂದಾಗಿ ಪರದೆಯ ಮೇಲೆ ಬಂದಾಗ ಕಣ್ಣು ತುಂಬಿತು. ಎಲ್ಲವೂ ಬದುಕಿಲ್ಲ, ಕೊಳವೆಯ ಲೆಕ್ಕದಲ್ಲೂ ಚಿಕ್ಕವು ತುಸು ಹಿಂದಿವೆ. ಆದರೆ ನಾವು ಬರೆದಷ್ಟು ಸತ್ತಿಲ್ಲ.

ಹೊಳೆಸಾಲು ಅವರು ಹೇಳಿದ್ದಕ್ಕೂ ದಾರಿ ಮಾಡಿದ್ದೇವೆ. ಈ ಸಲ 65ರಿಂದ 75 ಮಿ.ಮೀ. ಮರಿಗಳಿಗೆ ಚೀಟಿ ಎತ್ತಿ, ಬಂದ ಚೀಟಿಯಂತೆ 9 ಅಥವಾ 12 ಹಾಕುತ್ತೇವೆ. ಸೋಮವಾರದಿಂದ ಶುರು.