ಕಡಲತಡಿಯ ಉಕ್ಕಿನ ಟ್ಯಾಂಕಿನ ಬಣ್ಣ ಎರಡೇ ಮಳೆಗಾಲಕ್ಕೆ ಏಳುವುದೇಕೆ?

ಪ್ರಶ್ನೆ: ನಮಸ್ಕಾರ. ಮಂಗಳೂರಿನ ಬೈಕಂಪಾಡಿಯಲ್ಲಿರುವ ನಮ್ಮ ಘಟಕದಲ್ಲಿ ತಾಳೆ ಎಣ್ಣೆ ತುಂಬಿಡುವ ಉಕ್ಕಿನ ಟ್ಯಾಂಕ್ ಒಂದಿದೆ. ಮೂರು ವರ್ಷಗಳ ಹಿಂದೆ ಗುತ್ತಿಗೆದಾರರೊಬ್ಬರಿಂದ ಹಳೆಯ ತುಕ್ಕನ್ನು ವೈರ್ ಬ್ರಷ್‌ನಲ್ಲಿ ಉಜ್ಜಿಸಿ, ಎಪಾಕ್ಸಿ ಪ್ರೈಮರ್ (ಗಟ್ಟಿ ರಾಳದ ಅಡಿಬಣ್ಣ) ಕೊಡಿಸಿ, ಅದರ ಮೇಲೆ ಎರಡು ಕೋಟ್ ಬಣ್ಣ ಹೊಡೆಸಿದೆವು. ಎರಡನೆಯ ಮಳೆಗಾಲ ಮುಗಿಯುವಷ್ಟರಲ್ಲಿ ಮೈಮೇಲೆಲ್ಲ ಗುಳ್ಳೆಗಳೆದ್ದು, ವೆಲ್ಡಿಂಗ್ ಗೆರೆಗಳ ಉದ್ದಕ್ಕೂ ಬಣ್ಣ ಹಕ್ಕಳೆಯಾಗಿ ಕಳಚತೊಡಗಿತು. ಇನ್ನೂ ದುಬಾರಿಯ ಬಣ್ಣ ತಂದರೆ ಇದು ನಿಂತೀತೇ?

ಉತ್ತರ: ನಮಸ್ಕಾರ ಸರ್. ನೀವು ಹೇಳಿದ ಲಕ್ಷಣಗಳನ್ನು ನೋಡಿದರೆ ತಪ್ಪು ಬಣ್ಣದ್ದಕ್ಕಿಂತ ಹೆಚ್ಚಾಗಿ ಬಣ್ಣದ ಅಡಿಯಲ್ಲಿ ಉಳಿದ ಉಪ್ಪಿನದು. ವೈರ್ ಬ್ರಷ್ ಸಡಿಲವಾದ ತುಕ್ಕನ್ನು ಉದುರಿಸುತ್ತದೆಯೇ ಹೊರತು, ತುಕ್ಕಿನ ಗುಳಿಗಳ ತಳದಲ್ಲಿ ಕುಳಿತ ಕ್ಲೋರೈಡನ್ನು, ಅಂದರೆ ಉಪ್ಪಿನ ಅಂಶವನ್ನು, ತೆಗೆಯುವುದಿಲ್ಲ. ಅಡುಗೆ ಉಪ್ಪು ಗಾಳಿಯ ತೇವಾಂಶ ಸುಮಾರು ಶೇ 75 ದಾಟಿದೊಡನೆ ನೀರನ್ನು ಎಳೆದುಕೊಂಡು ಕರಗುತ್ತದೆ. ಸಮುದ್ರದ ಉಪ್ಪಿನಲ್ಲಿರುವ ಮೆಗ್ನೀಸಿಯಂ ಕ್ಲೋರೈಡ್‌ಗೆ ಶೇ 33ರಷ್ಟಿದ್ದರೂ ಸಾಕು. ಆದ್ದರಿಂದ ಕಣ್ಣಿಗೆ ಒಣಗಿದಂತೆ ಕಾಣುವ ಉಕ್ಕು ಕರಾವಳಿಯಲ್ಲಿ ನಿಜಕ್ಕೂ ಒಣಗಿರುವುದು ಅಪರೂಪ. ಅಂಥ ಉಪ್ಪಿನ ಮೇಲೆ ಎಷ್ಟೇ ಒಳ್ಳೆಯ ಎಪಾಕ್ಸಿ ಬಳಿದರೂ, ಉಪ್ಪು ಬಣ್ಣದ ಪದರದ ಮೂಲಕವೇ ತೇವವನ್ನು ಸೆಳೆದು ಗುಳ್ಳೆ ಎಬ್ಬಿಸುತ್ತದೆ.

ಹಾಗಾಗಿ ಖರ್ಚನ್ನು ಮೊದಲು ಮೇಲ್ಮೈ ಸಿದ್ಧತೆಗೆ ಇಡಿ. ಅಧಿಕ ಒತ್ತಡದ ಸಿಹಿನೀರಿನಲ್ಲಿ ತೊಳೆದು, ಬಳಿಕ ಎಸ್‌ಎ 2½ ಮಟ್ಟಕ್ಕೆ (ಉಕ್ಕು ಬಹುತೇಕ ಬೆಳ್ಳಗೆ ಕಾಣುವಷ್ಟು) ಗ್ರಿಟ್ ಬ್ಲಾಸ್ಟಿಂಗ್, ಅಂದರೆ ಚೂಪು ಕಣಗಳನ್ನು ರಭಸದಿಂದ ಎರಚಿ ಉಜ್ಜುವುದನ್ನು ಮಾಡಿಸಿ, ಉಳಿದ ಉಪ್ಪನ್ನು ಬ್ರೆಸಲ್ ಪರೀಕ್ಷೆಯಿಂದ (ಮೇಲ್ಮೈಗೆ ಅಂಟಿಸಿದ ಪಟ್ಟಿಯೊಳಗೆ ನೀರು ಹಾಯಿಸಿ ಉಪ್ಪು ಅಳೆಯುವ ವಿಧಾನ) ಅಳೆಯಿಸಿ. ಹಡಗಿನ ಸಮತೋಲನಕ್ಕೆ ಸಮುದ್ರದ ನೀರು ತುಂಬುವ ಬ್ಯಾಲಸ್ಟ್ ಟ್ಯಾಂಕುಗಳಿಗೆ ಅಂತರರಾಷ್ಟ್ರೀಯ ನಿಯಮ ಚದರ ಮೀಟರಿಗೆ 50 ಮಿಲಿಗ್ರಾಂ ಉಪ್ಪಿನ ಮಿತಿ ಇಟ್ಟಿದೆ; ಅದನ್ನೇ ನಿಮ್ಮ ಒಪ್ಪಂದದಲ್ಲೂ ಬರೆಸಬಹುದು. ಬಣ್ಣ ಬಳಿಯುವಾಗ ಗಾಳಿಯ ತೇವಾಂಶ ಶೇ 85ಕ್ಕಿಂತ ಕಡಿಮೆಯಿರಬೇಕು, ಉಕ್ಕಿನ ಉಷ್ಣತೆ ಇಬ್ಬನಿ ಕಟ್ಟುವ ಉಷ್ಣತೆಗಿಂತ ಕನಿಷ್ಠ 3 ಡಿಗ್ರಿ ಹೆಚ್ಚಿರಬೇಕು. ಮಂಗಳೂರಿನ ಮುಂಜಾನೆಗಳಲ್ಲಿ ಈ ಎರಡೂ ಕೂಡಿಬರುವುದು ಕಷ್ಟ. ಏಳು ಗಂಟೆಗೇ ಕೆಲಸ ಶುರುಮಾಡುವ ಆತುರದಲ್ಲಿ ಕೆಟ್ಟ ಟ್ಯಾಂಕುಗಳನ್ನು ನಾನು ಹಲವು ಕಂಡಿದ್ದೇನೆ.

ಬಣ್ಣದ ವಿಷಯಕ್ಕೆ ಬಂದರೆ, ಬಣ್ಣದಿಂದ ಉಕ್ಕನ್ನು ಕಾಯುವ ಕುರಿತ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 12944ರ ವರ್ಗೀಕರಣದಲ್ಲಿ ಉಪ್ಪು ಹೆಚ್ಚಿರುವ ಕರಾವಳಿ ಸಿ5 ಎಂಬ ದರ್ಜೆಗೆ ಸೇರುತ್ತದೆ. ಅಲ್ಲಿ ರಕ್ಷಣೆಯಿಲ್ಲದ ಉಕ್ಕು ಮೊದಲ ವರ್ಷವೇ 80ರಿಂದ 200 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಕರಗುತ್ತದೆ. ಇದಕ್ಕೆ ಸತು ಹೆಚ್ಚಿರುವ ಎಪಾಕ್ಸಿ ಪ್ರೈಮರ್, ನಡುವೆ ದಪ್ಪ ಎಪಾಕ್ಸಿ, ಮೇಲೆ ಬಿಸಿಲು ತಾಳುವ ಪಾಲಿಯುರೆಥೇನ್, ಒಟ್ಟು 260ರಿಂದ 320 ಮೈಕ್ರಾನ್ ದಪ್ಪ ಸೂಕ್ತ. ವೆಲ್ಡಿಂಗ್ ಗೆರೆ ಮತ್ತು ಅಂಚುಗಳಲ್ಲಿ ಬಣ್ಣ ತಾನಾಗಿಯೇ ತೆಳುವಾಗುವುದರಿಂದ, ಸ್ಪ್ರೇಗೆ ಮುನ್ನ ಅಲ್ಲಿಗೆ ಕುಂಚದಿಂದ ಬೇರೆಯೇ ಕೋಟ್ ಕೊಡಿಸಿ. ನಿಮ್ಮಲ್ಲಿ ಮೊದಲು ಕಳಚಿದ್ದು ಅಲ್ಲಿಯೇ ಅಲ್ಲವೇ?

ಇನ್ನೊಂದು ಮಾತು: ಮಳೆ ಉಪ್ಪನ್ನು ತೊಳೆಯುತ್ತದೆ, ನವೆಂಬರಿನಿಂದ ಮೇವರೆಗಿನ ಒಣ ತಿಂಗಳುಗಳಲ್ಲಿ ಅದು ಕೂಡುತ್ತಲೇ ಹೋಗುತ್ತದೆ. ಮಾಡಿನ ಅಂಚಿನ ಕೆಳಗೆ, ಮೆಟ್ಟಿಲುಗಳ ಹಿಂದೆ ಮಳೆಯೂ ತಲುಪದ ಜಾಗಗಳಲ್ಲಿ ಎರಡು ತಿಂಗಳಿಗೊಮ್ಮೆ ಸಿಹಿನೀರು ಹಾಯಿಸಿದರೆ ಬಣ್ಣದ ಆಯುಸ್ಸು ಹೆಚ್ಚುತ್ತದೆ.

ಪ್ರಶ್ನೆ: ಧನ್ಯವಾದ ಸರ್. ಟ್ಯಾಂಕಿನ ತಳಕ್ಕೆ ನಾವು ಏನೂ ಮಾಡಿಲ್ಲ. ಅದು ಕಾಣುವುದೂ ಇಲ್ಲ. ಅದರ ಗತಿ ಏನು?

ಉತ್ತರ: ನನ್ನ ಭಯವಿರುವುದೇ ಅಲ್ಲಿ. ಗೋಡೆಯ ಗುಳ್ಳೆ ಕಾಣುತ್ತದೆ, ತಳದ ತೂತು ಎಣ್ಣೆ ಸೋರಿದ ಮೇಲೆಯೇ ಗೊತ್ತಾಗುತ್ತದೆ. ಮಳೆಯ ನೀರು ತಳದ ತಗಡಿಗೂ ಅಡಿಪಾಯಕ್ಕೂ ನಡುವಿನ ಸಂದಿಯಲ್ಲಿ ಒಳಗೆ ಹೋಗಿ ಅಲ್ಲೇ ನಿಲ್ಲುತ್ತದೆ. ಅಡಿಪಾಯಕ್ಕೆ ತೊಳೆಯದ ಸಮುದ್ರದ ಮರಳು ಹಾಕಿದ್ದರೆ ಉಪ್ಪು ಮೊದಲೇ ಅಲ್ಲಿರುತ್ತದೆ. ಎಣ್ಣೆ ಗಟ್ಟಿಯಾಗದಿರಲೆಂದು ನೀವು ಟ್ಯಾಂಕನ್ನು ಬಿಸಿ ಮಾಡುವುದರಿಂದ, ತಳದಡಿ ತೇವ ಉಳಿದಿದ್ದರೆ ತುಕ್ಕಿನ ವೇಗ ಇನ್ನೂ ಹೆಚ್ಚಬಹುದು. ಸಂದಿಯನ್ನು ಹೊರಗಿನಿಂದ ಜಲನಿರೋಧಕವಾಗಿ ಮುಚ್ಚಿಸುವುದು ಸುಲಭದ ಮೊದಲ ಹೆಜ್ಜೆ. ಟ್ಯಾಂಕ್ ಖಾಲಿಯಾದಾಗ ಒಳಗಿನಿಂದ ತಳವನ್ನು ಕಾಂತೀಯ ಸ್ಕ್ಯಾನಿಂಗ್ ಮಾಡಿಸಿ, ಸಂಶಯವಿರುವ ಜಾಗಗಳ ದಪ್ಪವನ್ನು ಅಲ್ಟ್ರಾಸಾನಿಕ್‌ನಿಂದ ಅಳೆಯಿಸಿ. ಟ್ಯಾಂಕು ತಪಾಸಣೆಯ ಅಮೆರಿಕನ್ ಮಾನದಂಡ ಎಪಿಐ 653 ಪ್ರಕಾರ, ಸೋರಿಕೆ ಪತ್ತೆಯ ಅಥವಾ ತಡೆಯ ಬೇರೆ ಏರ್ಪಾಡಿಲ್ಲದ ತಳ ಮುಂದಿನ ತಪಾಸಣೆಯವರೆಗೆ ಸುಮಾರು 2.5 ಮಿಲಿಮೀಟರಿಗಿಂತ ತೆಳುವಾಗಬಾರದು.

ಕ್ಯಾಥೋಡಿಕ್ ರಕ್ಷಣೆ, ಅಂದರೆ ಉಕ್ಕಿನ ಬದಲು ತಾನೇ ಸವೆಯುವ ಮೆಗ್ನೀಸಿಯಂ ಆನೋಡುಗಳನ್ನು ನೆಲದಲ್ಲಿ ಹೂತು ತಂತಿಯಿಂದ ಟ್ಯಾಂಕಿಗೆ ಜೋಡಿಸುವುದು, ಇದಕ್ಕೆ ಸರಿಯಾದ ಮಾರ್ಗ. ಹೋಲಿಕೆಗೆಂದು ಬಳಸುವ ತಾಮ್ರ-ತಾಮ್ರದ ಸಲ್ಫೇಟ್ ರೆಫರೆನ್ಸ್ ಎಲೆಕ್ಟ್ರೋಡಿನ ಎದುರು ಉಕ್ಕಿನ ವಿಭವ (ವೋಲ್ಟೇಜ್) ಮೈನಸ್ 850 ಮಿಲಿವೋಲ್ಟ್ ಅಥವಾ ಅದಕ್ಕಿಂತ ಋಣಾತ್ಮಕವಾದರೆ ರಕ್ಷಣೆ ಸಿಕ್ಕಿತೆಂದು ಲೆಕ್ಕ. ಆದರೆ ಸುತ್ತಲೂ ಹೂತ ಆನೋಡುಗಳ ವಿದ್ಯುತ್ ಅಂಚನ್ನು ಚೆನ್ನಾಗಿ ಕಾಯುತ್ತದೆ, ನಡುವಿಗೆ ಸಾಕಷ್ಟು ತಲುಪದೇ ಇರಬಹುದು. ತಗಡು ಮರಳಿನಿಂದ ಎದ್ದು ನಿಂತ ಕಡೆ ತಲುಪುವುದೇ ಇಲ್ಲ. ಅಂಚಿನಲ್ಲಿ ಅಳೆದ ಒಳ್ಳೆಯ ಅಂಕಿಯನ್ನು ಇಡೀ ತಳಕ್ಕೆ ಅನ್ವಯಿಸಬೇಡಿ. ನಿಮ್ಮ ಅರ್ಥಿಂಗ್ ತಾಮ್ರದ್ದೋ ಅಲ್ಲವೋ ಎಂಬುದನ್ನೂ ನೋಡಿ: ನೆಲದಡಿ ತಾಮ್ರ ಉಕ್ಕನ್ನು ಸವೆಸುತ್ತದೆ, ಆನೋಡಿನ ವಿದ್ಯುತ್ತನ್ನೂ ತಿನ್ನುತ್ತದೆ. ಸತು ಲೇಪಿತ ಕಬ್ಬಿಣದ ಅರ್ಥಿಂಗ್ ಈ ಜಾಗಕ್ಕೆ ಮೇಲು.

ಮತ್ತೊಬ್ಬ ಸದಸ್ಯರ ಪ್ರಶ್ನೆ: ಹೊಸ ಟ್ಯಾಂಕನ್ನು ಸ್ಟೇನ್‌ಲೆಸ್ ಸ್ಟೀಲಿನಲ್ಲೇ ಕಟ್ಟಿದರೆ ಈ ತೊಂದರೆ ಇಲ್ಲವಲ್ಲವೇ?

ಉತ್ತರ: ತುಕ್ಕಿನ ಬಗೆ ಬದಲಾಗುತ್ತದೆ, ಅಷ್ಟೇ. 304 ದರ್ಜೆ ಕಡಲ ಗಾಳಿಯಲ್ಲಿ ಕಂದು ಕಲೆಗಟ್ಟಿ ಚುಕ್ಕೆಚುಕ್ಕೆಯಾಗಿ ಗುಳಿ ಬೀಳುತ್ತದೆ. 316 ಹೆಚ್ಚು ತಾಳುತ್ತದೆ, ಆದರೆ ಅದಕ್ಕೂ ತೊಳೆಯುವಿಕೆ ತಪ್ಪಿದ್ದಲ್ಲ. ಬೆಲೆಯ ವ್ಯತ್ಯಾಸವನ್ನು ಮೊದಲು ಅಡಿಪಾಯಕ್ಕೂ ಆನೋಡಿಗೂ ಹಾಕಿ, ತಳ ಹಾಸುವ ಮುನ್ನವೇ ಮಧ್ಯಭಾಗದಲ್ಲಿ ಒಂದೆರಡು ರೆಫರೆನ್ಸ್ ಎಲೆಕ್ಟ್ರೋಡುಗಳನ್ನು ಹೂಳಿಸಿಬಿಡಿ. ಟ್ಯಾಂಕ್ ಕಟ್ಟಿದ ಮೇಲೆ ಅಲ್ಲಿಗೆ ಕೈಹಾಕಲು ಆಗುವುದಿಲ್ಲ.