ವಿದೇಶಾಂಗ ವಿಶ್ಲೇಷಕಿ ಆಗಬೇಕಂತೆ ನಮ್ಮ ತಂಗಿ. ಈ ದಾರಿಯಲ್ಲಿ ಹೋದವರು ಹೇಳಿ

ಧಾರವಾಡದಲ್ಲಿ ತಂಗಿ ರಾಜ್ಯಶಾಸ್ತ್ರ ಎಂಎ ಕೊನೆಯ ವರ್ಷದಲ್ಲಿದ್ದಾಳೆ. ನೆರೆಯ ದೇಶಗಳ ಬಗ್ಗೆ ಬರೆಯುವ ವಿದೇಶಾಂಗ ನೀತಿ ವಿಶ್ಲೇಷಕಿ ಆಗಬೇಕಂತೆ. ಅಪ್ಪ ಕೇಳುವುದು ಒಂದೇ: "ಅದು ಟಿವಿಯಲ್ಲಿ ಕೂತು ಮಾತಾಡೋ ಕೆಲಸ ಅಲ್ವಾ, ಸಂಬಳ ಯಾರು ಕೊಡ್ತಾರೆ?" ನನಗೂ ಗೊತ್ತಿಲ್ಲ. ಅನುಭವ ಇದ್ದವರು ಹೇಳಿ.

ಹುಬ್ಬಳ್ಳಿಯವ, ಈಗ ದೆಹಲಿಯಲ್ಲಿ:
ಸಂಬಳದಿಂದಲೇ ಶುರು ಮಾಡುತ್ತೇನೆ, ಅಪ್ಪ ಕೇಳಿದ್ದು ಸರಿಯಾಗಿಯೇ ಇದೆ. ದೆಹಲಿಯಲ್ಲಿ ಇದಕ್ಕೆ ಅಂತಲೇ ಸಂಸ್ಥೆಗಳಿವೆ. 1943ರಲ್ಲಿ ಶುರುವಾದ ಐಸಿಡಬ್ಲ್ಯುಎ (ವಿಶ್ವ ವ್ಯವಹಾರಗಳ ಭಾರತೀಯ ಮಂಡಳಿ) ಇದೆ, ಎಲ್ಲರೂ ಅದರ ಕಟ್ಟಡದ ಹೆಸರಿನಿಂದ ಸಪ್ರು ಹೌಸ್ ಅನ್ನುತ್ತಾರೆ. 1965ರಿಂದ ಇರುವ, ರಕ್ಷಣಾ ವಿಷಯ ಅಧ್ಯಯನ ಮಾಡುವ ಐಡಿಎಸ್‌ಎ ಇದೆ, ಈಗ ಮನೋಹರ್ ಪರ್ರೀಕರ್ ಹೆಸರಿನಲ್ಲಿದೆ. ಬೆಂಗಳೂರಿನಲ್ಲಿ ತಕ್ಷಶಿಲಾ. ಆದರೆ ಕುರ್ಚಿ ಕಡಿಮೆ, ಶುರುವಿನಲ್ಲಿ ಜಾಸ್ತಿ ಗುತ್ತಿಗೆ ಕೆಲಸವೇ. ನಾನು ಮುನಿರ್ಕಾದಲ್ಲಿ ಇಬ್ಬರ ಜತೆ ಒಂದೇ ರೂಮಿನಲ್ಲಿದ್ದೆ. ಊರಿಗೆ ದುಡ್ಡು ಕಳಿಸುವುದು ಬಿಡಿ, ಅವ್ವನೇ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಜತೆ ಸಾವಿರ ರೂಪಾಯಿ ಇಟ್ಟು ಕಳಿಸುತ್ತಿದ್ದಳು. ಯುಜಿಸಿಯ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ (ಸಂಶೋಧನೆಗೆ ಕೊಡುವ ಫೆಲೋಶಿಪ್) ಸಿಕ್ಕಿ ಪಿಎಚ್‌ಡಿಗೆ ಸೇರಿದರೆ ಕತೆ ಬೇರೆ, 2023ರಿಂದ ಮೊದಲ ಎರಡು ವರ್ಷ ತಿಂಗಳಿಗೆ 37,000. ತಂಗಿ ಮೊದಲು ಅದನ್ನು ಬರೆಯಲಿ.

ಇನ್ನೊಂದು, ಇಡೀ ದಕ್ಷಿಣ ಏಷ್ಯಾ ಅಂತ ಹೋಗಬೇಡಿ. ಒಂದು ದೇಶ ಹಿಡಿಯಿರಿ. ನನಗೆ ಬಾಂಗ್ಲಾದೇಶ ಗಂಟು ಬಿದ್ದದ್ದು ಉಳ್ಳಾಗಡ್ಡಿಯಿಂದ. 2019ರ ಸೆಪ್ಟೆಂಬರ್ 29ರಂದು ಕೇಂದ್ರ ರಫ್ತು ನಿಲ್ಲಿಸಿತು. ನಾನು ಆಗ ರಜೆಗೆ ಬಂದು ಅಮರಗೋಳ ಎಪಿಎಂಸಿಯಲ್ಲಿ ಮಾವನ ಅಂಗಡಿ ಮುಂದೆ ಚೀಲದ ಮೇಲೆ ಕೂತಿದ್ದೆ, ಮಾವ ಒಂದು ಫೋನ್ ಇಟ್ಟು ಇನ್ನೊಂದು ಎತ್ತುತ್ತಿದ್ದರು, ಹಿಂದೆ ಮಳೆಗೆ ತೊಯ್ದ ಗಡ್ಡೆಯ ವಾಸನೆ. ನಮ್ಮ ಉಳ್ಳಾಗಡ್ಡಿ ತರಿಸಿಕೊಳ್ಳುವ ಬಾಂಗ್ಲಾದೇಶಕ್ಕೆ ಇದರ ಬಿಸಿ ತಟ್ಟಿತು. ನಾಲ್ಕೈದು ದಿನಕ್ಕೆ ಅಲ್ಲಿನ ಆಗಿನ ಪ್ರಧಾನಿ ಶೇಖ್ ಹಸೀನಾ ದೆಹಲಿಗೆ ಬಂದರು. ಉದ್ಯಮಿಗಳ ಸಭೆಯಲ್ಲಿ ಹಿಂದಿಯಲ್ಲೇ, ಅಡುಗೆಯವನಿಗೆ ಉಳ್ಳಾಗಡ್ಡಿ ಹಾಕಬೇಡ ಅಂತ ಹೇಳಿಬಿಟ್ಟಿದ್ದೇನೆ, ಇನ್ನು ಮುಂದೆ ಹೀಗೆ ಮಾಡುವಾಗ ಮೊದಲೇ ತಿಳಿಸಿ ಅಂದರು. ಸಭೆ ನಕ್ಕಿತು. ಮುಂದಿನ ಸೆಪ್ಟೆಂಬರ್‌ನಲ್ಲಿ ಮತ್ತೆ ಅದೇ ನಿಷೇಧ!

ಅದರ ಮೇಲೆ 14 ಪುಟ ಬರೆದೆ. ಸಂಸ್ಥೆಯ ಹಿರಿಯರು ಪೆನ್ಸಿಲಿನಲ್ಲಿ 12 ಪುಟ ಹೊಡೆದು ಹಾಕಿ, "ಇದನ್ನು ಓದಿದ ಅಧಿಕಾರಿ ಸೋಮವಾರ ಬೆಳಗ್ಗೆ ಏನು ಮಾಡಬೇಕು, ಅದೆಲ್ಲಿ?" ಎಂದರು. ಇರಲಿಲ್ಲ. ನಿಜವಾದ ಕೆಲಸ ಇದು ನೋಡಿ, ಟಿವಿ ಅಲ್ಲ.

ಬಂಗಾಳಿ ಕಲಿತೆ. ಢಾಕಾದ ದಿನಪತ್ರಿಕೆ ಪ್ರಥಮ್ ಆಲೋ ತಡವರಿಸದೆ ಓದಲು ಒಂದೂವರೆ ವರ್ಷ ಹಿಡಿಯಿತು. ಹಾಗಂತ ಭಾಷೆ ಬಂದರೆ ಎಲ್ಲ ಗೊತ್ತಾಗುತ್ತದೆ ಅಂತಲ್ಲ. 2024ರ ಜುಲೈನಲ್ಲಿ ಬಾಂಗ್ಲಾದೇಶದಲ್ಲಿ ವಿದ್ಯಾರ್ಥಿಗಳ ಗಲಾಟೆ ನಡೆಯುವಾಗ ಹಸೀನಾ ಸರ್ಕಾರ ಉಳಿಯುತ್ತದೆ ಅಂತ ಬರೆದಿದ್ದೆ. ಆಗಸ್ಟ್ 5ಕ್ಕೆ ಹಸೀನಾ ಢಾಕಾ ಬಿಟ್ಟು ಇಲ್ಲಿಗೇ ಬಂದರು. ಆ ಟಿಪ್ಪಣಿ ಇನ್ನೂ ನನ್ನ ಹೆಸರಿನಲ್ಲೇ ಇದೆ.

ಗದಗದಿಂದ:
ನಾನು ಈ ಕೆಲಸ ಬಿಟ್ಟು ಬಂದವಳು. ಪ್ರಾಜೆಕ್ಟ್ ದುಡ್ಡು ಮುಗಿದಿದೆ, ಸೋಮವಾರದಿಂದ ಬರೋದು ಬೇಡ ಅಂತ ಶುಕ್ರವಾರ ಸಂಜೆ ಹೇಳಿದರು. ಈಗ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ಬೇಜಾರಿಲ್ಲ. ಆದರೆ ಓದಿದ್ದು ಮಾತ್ರ ವ್ಯರ್ಥ ಅನಿಸಿಲ್ಲ. ದೆಹಲಿಯಲ್ಲಿ ಸಾರ್ಕ್ ದೇಶಗಳು ಸೇರಿ ಮಾಡಿದ ಸೌತ್ ಏಷ್ಯನ್ ಯೂನಿವರ್ಸಿಟಿ ಇದೆ, 2010ರಿಂದ ಪಾಠ ನಡೆಯುತ್ತಿದೆ. ಅಲ್ಲಿ ನನ್ನ ರೂಮ್‌ಮೇಟ್ ಕಾಠ್ಮಂಡುವಿನವಳು. 2015ರಲ್ಲಿ ಗಡಿಯಲ್ಲಿ ಲಾರಿ ನಿಂತು ನೇಪಾಳಕ್ಕೆ ಗ್ಯಾಸ್, ಪೆಟ್ರೋಲ್ ಹೋಗದಿದ್ದಾಗ ಅವಳ ಅಮ್ಮ ಅಪಾರ್ಟ್‌ಮೆಂಟ್ ಟೆರೇಸಿನಲ್ಲಿ ಕಟ್ಟಿಗೆ ಒಲೆ ಹೂಡಿದ್ದರು. ಭಾರತ ತಡೆದಿಲ್ಲ, ಅದು ನೇಪಾಳದ ದಕ್ಷಿಣದ ಬಯಲಿನ ಮಧೇಸಿ ಜನರ ಹೋರಾಟ ಅಂತ ನಾನು ಕ್ಲಾಸಿನಲ್ಲಿ ಚೆನ್ನಾಗಿಯೇ ವಾದ ಮಾಡಿದೆ. ಅವಳು ಎರಡು ದಿನ ನನ್ನ ಜತೆ ಮಾತಾಡಲಿಲ್ಲ.

ಧಾರವಾಡದವನು:
ದೆಹಲಿಗಿಂತ ಮೊದಲು ಮುಂಡಗೋಡಕ್ಕೆ ಹೋಗಲಿ, ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಸುಮಾರು ಒಂದೂವರೆ ತಾಸು. 1966ರಿಂದ ಟಿಬೆಟಿಯನ್ನರು ಅಲ್ಲಿದ್ದಾರೆ. ನಾವು ಸುಮ್ನೆ ಮಠ ನೋಡಿ, ಮೊಮೊ ತಿಂದು ವಾಪಸ್ ಬರುತ್ತೇವೆ. ನಾನು ಎಂಎ ಪ್ರಬಂಧಕ್ಕೆ ಅಂತ ಒಬ್ಬ ಅಜ್ಜನ ಹತ್ತಿರ ಹೋಗಿದ್ದೆ. ಎರಡು ಸಲ ಬಾಯಿ ಬಿಡಲಿಲ್ಲ. ಮೂರನೇ ಸಲ ಹುಬ್ಬಳ್ಳಿಯಲ್ಲಿ ಸ್ವೆಟರ್ ಮಾರಿದ ಕತೆಯಿಂದ ಶುರು ಮಾಡಿ, ಕತ್ತಲಾಗುವ ಹೊತ್ತಿಗೆ ಲ್ಹಾಸಾ ಮುಟ್ಟಿದರು. ಕೊನೆಯ ಬಸ್ ತಪ್ಪಿತು.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಉಳ್ಳಾಗಡ್ಡಿ ವಿಷಯ ಅಪ್ಪನಿಗೆ ಓದಿ ಹೇಳಿದೆ. ಸಂಬಳದ ಮಾತು ಬಿಟ್ಟು ಅರ್ಧ ತಾಸು ಆ ವರ್ಷದ ದರದ ಬಗ್ಗೆಯೇ ಮಾತಾಡಿದರು. ತಂಗಿ ನೆಟ್‌ಗೆ ಓದುತ್ತಿದ್ದಾಳೆ. ಅವಳಿಗೆ ಶ್ರೀಲಂಕಾ ಮೇಲೆ ಮನಸ್ಸಿದೆ. ಇಲ್ಲಿ ಹುಬ್ಬಳ್ಳಿ-ಧಾರವಾಡದಲ್ಲಿ ಸಿಂಹಳ ಕಲಿಸುವವರು ಯಾರಾದರೂ ಇದ್ದಾರಾ?