ಕಾಡಿನ ನೀರಿಗೆ ಪಟ್ಟಣದವರು ದುಡ್ಡು ಕೊಡ್ತಾರಾ?

ಪ್ರಶ್ನೆ: ಮೇಡಂ, ನಮ್ಮದು ಮಲೆನಾಡಿನ ಹಳ್ಳಿ. ಗುಡ್ಡದ ಕಾಡು ಹಾಳಾಗಿದೆ, ಅರ್ಧಕ್ಕರ್ಧ ಅಕೇಶಿಯಾ ನೆಡುತೋಪು. ಅಲ್ಲಿಂದ ಇಳಿಯುವ ಹಳ್ಳದ ನೀರನ್ನೇ ಕೆಳಗಿನ ಪಟ್ಟಣದವರು ಕುಡಿಯುತ್ತಾರೆ. ಕಾಡು ಬೆಳೆಸಿದರೆ ನೀರು ಹೆಚ್ಚುತ್ತೆ, ಖರ್ಚನ್ನು ಅವರೇ ಕೊಡಲಿ ಅಂತ ನಮ್ಮ ಗ್ರಾಮ ಅರಣ್ಯ ಸಮಿತಿಯಲ್ಲಿ ಮಾತು ಬಂತು. ಹೊರದೇಶಗಳಲ್ಲಿ ಹೀಗೆ ಕೊಡ್ತಾರಂತೆ, ನಿಜವಾ?

ಉತ್ತರ: ನಿಜ. ಆದರೆ ನಿಮ್ಮ ಗುಡ್ಡದ ಸ್ಥಿತಿಗೆ ಹೋಲುವ ಉದಾಹರಣೆ ಕೇಳಿದರೆ ಸ್ವಲ್ಪ ಗಾಬರಿಯಾಗಬಹುದು. ದಕ್ಷಿಣ ಆಫ್ರಿಕಾದ ಕೇಪ್ ಟೌನ್ ದುಡ್ಡು ಕೊಡುತ್ತಿರುವುದು ಮರ ಕಡಿಯೋದಕ್ಕೆ!

2018ರ ಆರಂಭದಲ್ಲಿ ಆ ಊರಿನ ನಲ್ಲಿಗಳು ನಿಂತೇ ಹೋಗುವ ಹಂತಕ್ಕೆ ಬಂದಿದ್ದವು. ಅದೇ ವರ್ಷ ದಿ ನೇಚರ್ ಕನ್ಸರ್ವೆನ್ಸಿ ಎಂಬ ಪ್ರಕೃತಿ ಸಂರಕ್ಷಣಾ ಸಂಸ್ಥೆ, ನಗರಪಾಲಿಕೆ ಮತ್ತು ಇತರರು ಸೇರಿ ಒಂದು ಜಲನಿಧಿ, ಅಂದರೆ ನೀರಿನ ಮೂಲ ಕಾಯೋದಕ್ಕೆ ಹಣ ಕೂಡಿಸುವ ನಿಧಿ, ಶುರು ಮಾಡಿದರು. ಅಣೆಕಟ್ಟುಗಳಿಗೆ ನೀರು ಹರಿಯುವ ಗುಡ್ಡಗಳಲ್ಲಿ ಪೈನ್, ನೀಲಗಿರಿ, ಆಸ್ಟ್ರೇಲಿಯಾದ ಅಕೇಶಿಯಾಗಳು ಹಬ್ಬಿಬಿಟ್ಟಿದ್ದವು. ಈ ಮರಗಳು ವರ್ಷಕ್ಕೆ ಸುಮಾರು 5,500 ಕೋಟಿ ಲೀಟರ್ ನೀರು ಹೀರುತ್ತವೆ ಎಂದು ಲೆಕ್ಕ ಹಾಕಿದರು. ಅಂದರೆ ಊರಿಗೆ ಎರಡು ತಿಂಗಳ ನೀರು. ಆ ಮರಗಳನ್ನು ತೆಗೆದು ಅಲ್ಲಿನ ಮೂಲ ಕುರುಚಲು ಸಸ್ಯಗಳಿಗೆ ಜಾಗ ಬಿಟ್ಟರೆ, ಸಮುದ್ರದ ನೀರು ಸಿಹಿ ಮಾಡುವಂಥ ಬೇರೆ ದಾರಿಗಳ ಹತ್ತನೇ ಒಂದು ಭಾಗದ ಖರ್ಚಿನಲ್ಲಿ ಅಷ್ಟೇ ನೀರು ಸಿಗುತ್ತದೆ. ಪಾಲಿಕೆಯವರು ಒಪ್ಪಿದ್ದು ಈ ಲೆಕ್ಕಕ್ಕೆ. ಬರೀ ಹಸಿರಿನ ಮೇಲಿನ ಪ್ರೀತಿಗೆ ಯಾರೂ ಇಷ್ಟು ದುಡ್ಡು ಬಿಚ್ಚೋದಿಲ್ಲ.

ಇನ್ನೊಬ್ಬ ಸದಸ್ಯರು: ಹಾಗಾದರೆ ಕಾಡು ಬೆಳೆಸಿದರೆ ನೀರು ಹೆಚ್ಚುತ್ತೆ ಅನ್ನೋದು ಸುಳ್ಳಾ?

ಉತ್ತರ: ಪೂರ್ತಿ ಸುಳ್ಳಲ್ಲ, ಆದರೆ ಹಾಗೆ ಬರೆದು ಪುರಸಭೆಗೆ ಅರ್ಜಿ ಕೊಡಬೇಡಿ. ಮರವೂ ನೀರು ಕುಡಿಯುತ್ತದೆ. ಬೇಗ ಬೆಳೆಯುವ ನೆಡುತೋಪು ಇನ್ನೂ ಜಾಸ್ತಿ. ನಮ್ಮ ರಾಜ್ಯದಲ್ಲೂ 2017ರಲ್ಲಿ ಹೊಸದಾಗಿ ನೀಲಗಿರಿ ನೆಡೋದನ್ನು ನಿಷೇಧಿಸಿದ್ದು ಇದೇ ಕಾರಣಕ್ಕೆ ಅಲ್ವಾ? ಸಹಜ ಕಾಡಿನ ಗುಣ ಬೇರೆ. ತರಗೆಲೆ ಹೊದ್ದ ಸಡಿಲ ಮಣ್ಣಿಗೆ ಮಳೆನೀರು ಇಂಗುತ್ತದೆ, ಕೆಸರು ಹಳ್ಳಕ್ಕೆ ಬರೋದು ಕಡಿಮೆ. ವರ್ಷದ ಒಟ್ಟು ಹರಿವು ಕಡಿಮೆಯಾದರೂ ಬೇಸಿಗೆಯ ಹರಿವು ಸುಧಾರಿಸಬಹುದು. ಅದು ಮಣ್ಣಿನ ಆಳ, ಕೆಳಗಿನ ಬಂಡೆಯನ್ನು ಅವಲಂಬಿಸಿದೆ. ಕೇಪ್ ಟೌನಿನ ಅಂಕಿಯನ್ನು ಹಾಗೇ ತಂದು ಮಲೆನಾಡಿಗೆ ಅಂಟಿಸಬೇಡಿ.

ದುಡ್ಡು ಕೊಟ್ಟ ಇನ್ನೊಂದು ಊರು ಅಮೆರಿಕದ ನ್ಯೂಯಾರ್ಕ್. ಆದರೆ ಅದು ಕೊಂಡದ್ದು ನೀರಿನ ಶುದ್ಧತೆಯನ್ನು. 1997ರ ಒಪ್ಪಂದದಲ್ಲಿ, ತನಗೆ ನೀರು ಬರುವ ಕ್ಯಾಟ್ಸ್‌ಕಿಲ್ ಬೆಟ್ಟಗಳ ಜಮೀನು, ಹಟ್ಟಿ, ಚರಂಡಿಗಳಿಗೆ ಹಣ ಹಾಕಿ, ಬೆಟ್ಟದ ನೀರಿಗೆ ಶತಕೋಟಿಗಟ್ಟಲೆ ಡಾಲರಿನ ಶೋಧಕ ಘಟಕ ಕಟ್ಟುವ ಖರ್ಚನ್ನೇ ತಪ್ಪಿಸಿಕೊಂಡಿತು. ನಿಮ್ಮ ಪಟ್ಟಣದವರಿಗೆ ಮಳೆಗಾಲದ ಕೆಂಪು ನೀರೇ ತಲೆನೋವಾಗಿದ್ದರೆ ಈ ದಾರಿ ಹೆಚ್ಚು ಹೊಂದುತ್ತದೆ.

ಪ್ರಶ್ನೆ ಕೇಳಿದವರು: ನಮ್ಮ ದೇಶದಲ್ಲಿ ಎಲ್ಲಾದರೂ ಆಗಿದೆಯಾ? ಒಂದು ಸಲ ದುಡ್ಡು ಕೊಟ್ಟು ಕೈ ತೊಳೆದುಕೊಂಡರೆ?

ಉತ್ತರ: ಹಿಮಾಚಲದ ಪಾಲಂಪುರದಲ್ಲಿ ಆಗಿದೆ. ಬೋಹಲ್ ಎಂಬ ಒರತೆಯ ಮೇಲಿನ ಕಾಡು ಕಾಯೋದಕ್ಕೆ ಪಟ್ಟಣದ ಮಂಡಳಿ ಹಳ್ಳಿಯ ಸಮಿತಿಗೆ ಹಣ ಕೊಡುವ ಒಪ್ಪಂದ 2010ರಲ್ಲಿ ಆಯಿತು. ಮೊತ್ತ ಸಣ್ಣದು. ಆದರೂ ಕೊಡುವವರು ಯಾರು, ಪಡೆಯುವವರು ಯಾರು ಅನ್ನೋದು ಕಾಗದದಲ್ಲಿದೆ.

ಎರಡನೇ ಪ್ರಶ್ನೆ ಸರಿಯಾಗಿ ಕೇಳಿದಿರಿ. ಅಕೇಶಿಯಾ ಬೀಜ ಮಣ್ಣಲ್ಲಿ ವರ್ಷಗಟ್ಟಲೆ ಬದುಕುತ್ತದೆ, ಬೆಂಕಿ ಬಿದ್ದರೆ ಒಟ್ಟಿಗೇ ಮೊಳೆಯುತ್ತದೆ. ಒಮ್ಮೆ ಕಡಿದು ಬಿಟ್ಟರೆ ಮೊದಲಿಗಿಂತ ದಟ್ಟ! ಅದಕ್ಕೇ ಕೇಪ್ ಟೌನಿನ ಯೋಜನೆಯನ್ನು 30 ವರ್ಷಕ್ಕೆ ಲೆಕ್ಕ ಹಾಕಿದ್ದಾರೆ. ನಿಮ್ಮ ಒಪ್ಪಂದದಲ್ಲೂ ಮತ್ತೆ ಮೊಳೆತ ಅಕೇಶಿಯಾ ಸಸಿಗಳನ್ನು ಪ್ರತಿ ವರ್ಷ ಕೀಳುವ ಕೂಲಿ ಬರೆಸಿ. ಅಂದಹಾಗೆ ನಿಮ್ಮ ಗುಡ್ಡ ಅರಣ್ಯ ಇಲಾಖೆಯದ್ದಾದರೆ ಅವರಿಲ್ಲದೆ ಒಂದು ಕೊಂಬೆಯನ್ನೂ ಮುಟ್ಟುವಂತಿಲ್ಲ. ಮೊದಲು ರೇಂಜರ್ ಹತ್ತಿರ ಮಾತಾಡಿ.

ಅದಕ್ಕಿಂತ ಮೊದಲು ಹಳ್ಳ ಅಳೆಯಿರಿ. ಕೇಪ್ ಟೌನಿನವರಿಗೆ ಹತ್ತಿರದ ಯೋಂಕರ್ಸ್‌ಹುಕ್ ಕಣಿವೆಯಲ್ಲಿ 1930ರ ದಶಕದಿಂದ ಬರೆದಿಟ್ಟ ಹರಿವಿನ ಅಳತೆ ಇತ್ತು. ನಿಮಗೆ ಒಂದು ತಗಡಿನ ವಿ-ನಾಚ್ (ಹಳ್ಳಕ್ಕೆ ಅಡ್ಡ ಇಡುವ, V ಆಕಾರದ ಕಚ್ಚಿನ ತಗಡು; ಕಚ್ಚಿನಲ್ಲಿ ಹರಿಯುವ ನೀರಿನ ಎತ್ತರದಿಂದ ಹರಿವು ಗೊತ್ತಾಗುತ್ತದೆ), ಒಂದು ಸ್ಕೇಲು, ದಿನಾ ಬರೆಯುವ ಒಬ್ಬರು ಸಾಕು. ಈಗ ಹಳ್ಳ ಯಾವ ತಿಂಗಳಿಗೆ ಬತ್ತುತ್ತದೆ? ಊರಿನ ಹಿರಿಯರನ್ನು ಕೇಳಿ ಇಲ್ಲೇ ಬರೆದು ಹಾಕಿ, ಮುಂದಿನದು ನೋಡೋಣ.